ಗಲಾತ್ಯ 5: ಶರೀರಭಾವ ಅಂದರೆ ಬರೀ ದುಶ್ಚಟವಲ್ಲ

ಪವಿತ್ರಾತ್ಮನನ್ನು ಅನುಸರಿಸಿ ನಡೆಯಿರಿ, ಆಗ ಶರೀರಭಾವದ ಆಸೆಗಳಿಗೆ ಮಣಿಯುವುದಿಲ್ಲ ಎಂದು ಅಪೊಸ್ತಲ ಪೌಲ ಗಲಾತ್ಯದ ಕ್ರೈಸ್ತ ಸಭೆಗಳಿಗೆ ಬರೆದ ಪತ್ರದಲ್ಲಿ (ಗಲಾತ್ಯ 5:16) ಹೇಳುತ್ತಾನೆ. ಈ ವಚನ ಓದಿದ ಕೂಡಲೇ ನಮ್ಮ ಮನಸ್ಸು ಎಲ್ಲಿಗೆ ಓಡುತ್ತದೆ? ಕುಡಿತ, ಕೆಟ್ಟ ನೋಟ, ಅಕ್ರಮ ಸಂಬಂಧ. ಅವು ನಮ್ಮಲ್ಲಿ ಇಲ್ಲ ಅಂದರೆ ಸಮಾಧಾನದಿಂದ ಪುಟ ತಿರುಗಿಸುತ್ತೇವೆ. ಆದರೆ ಇಡೀ ಪತ್ರಿಕೆಯನ್ನು ಒಂದೇ ಸಲ ಕೂತು ಓದಿ ನೋಡಿ. ಆರೇ ಅಧ್ಯಾಯ, ಹೆಚ್ಚು ಹೊತ್ತು ಬೇಕಾಗಿಲ್ಲ. ಆ ಸಮಾಧಾನ ಉಳಿಯುವುದು ಕಷ್ಟ. ಪೌಲ ಮುಖ್ಯವಾಗಿ ಎಚ್ಚರಿಸುತ್ತಿರುವುದು ಕುಡುಕರನ್ನಲ್ಲ, ಭಕ್ತಿ ಜಾಸ್ತಿ ಮಾಡಲು ಹೋಗಿ ದಾರಿ ತಪ್ಪುತ್ತಿದ್ದವರನ್ನು.

ಹಿನ್ನೆಲೆ

ಗಲಾತ್ಯ ಅನ್ನುವುದು ಈಗಿನ ಟರ್ಕಿಯ ಒಳನಾಡಿನಲ್ಲಿದ್ದ ರೋಮನ್ ಪ್ರಾಂತ. ಪೌಲ ಅಲ್ಲಿ ಸುವಾರ್ತೆ ಸಾರಿದ್ದ. ನಂಬಿದವರಲ್ಲಿ ಹೆಚ್ಚಿನವರು ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು. ಪತ್ರಿಕೆ ಬರೆದ ಕಾಲ ಸುಮಾರು ಕ್ರಿ.ಶ. 48ರಿಂದ 55ರ ನಡುವೆ. ಪೌಲ ಅಲ್ಲಿಂದ ಹೊರಟ ಮೇಲೆ ಬೇರೆ ಬೋಧಕರು ಬಂದರು. ಅವರು ಕ್ರಿಸ್ತನನ್ನು ಬಿಟ್ಟುಬಿಡಿ ಅಂತ ಹೇಳಲಿಲ್ಲ. ನಂಬಿದ್ದು ಒಳ್ಳೆಯದೇ, ಅದರ ಜೊತೆಗೆ ಸುನ್ನತಿಯೂ ಆಗಲಿ, ಮೋಶೆಯ ಧರ್ಮಶಾಸ್ತ್ರವನ್ನೂ ಪಾಲಿಸಿ ಅನ್ನುವುದು ಅವರ ಬೋಧನೆಯ ಧಾಟಿ. ಕೇಳುವವರಿಗೆ ಇದು ಪಾಪ ಅನ್ನಿಸುವುದಿಲ್ಲ, ಅಲ್ವಾ? ದೇವರಿಗೆ ಇನ್ನೂ ಹತ್ತಿರವಾದ ಹಾಗೆ ಅನ್ನಿಸುತ್ತದೆ.

ಪೌಲನಿಗೆ ಸಿಟ್ಟು ಬಂದದ್ದು ಅಲ್ಲೇ. 3:3ರಲ್ಲಿ ಅವನು ಕೇಳುವ ಪ್ರಶ್ನೆಗೆ ಅಡಿಗೆರೆ ಹಾಕಿಕೊಳ್ಳಿ: ಆತ್ಮನಿಂದ ಶುರು ಮಾಡಿದವರು ಈಗ ಶರೀರದಿಂದ ಮುಗಿಸಲು ಹೊರಟಿದ್ದೀರಾ? ಇಲ್ಲಿ ‘ಶರೀರ’ ಅಂತ ಅವನು ಕರೆಯುತ್ತಿರುವುದು ಯಾವುದೋ ದುಶ್ಚಟವನ್ನಲ್ಲ. ಸುನ್ನತಿಯನ್ನು. ದೇವರೇ ಅಬ್ರಹಾಮನಿಗೆ ಕೊಟ್ಟ ಗುರುತು ಅದು. ಅಂಥ ಪವಿತ್ರ ವಿಧಿಯನ್ನು ನೆಚ್ಚಿಕೊಂಡು "ಇದರಿಂದ ನಾನು ದೇವರ ಮುಂದೆ ಸರಿಯಾಗುತ್ತೇನೆ" ಅಂದುಕೊಂಡರೆ ಅದೂ ಶರೀರಭಾವವೇ. 5ನೇ ಅಧ್ಯಾಯ ತೆರೆಯುವಾಗ ಈ ಪ್ರಶ್ನೆ ತಲೆಯಲ್ಲಿರಲಿ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಫಿಲಿಪ್ಪಿ 3:4–6 ನೋಡಿ. ಶರೀರದಲ್ಲಿ ಭರವಸೆ ಇಡುವುದಾದರೆ ನನಗೆ ಎಲ್ಲರಿಗಿಂತ ಹೆಚ್ಚು ಕಾರಣವಿದೆ ಎಂದು ಪೌಲ ಅಲ್ಲಿ ಒಂದು ಪಟ್ಟಿ ಕೊಡುತ್ತಾನೆ. ಎಂಟನೆಯ ದಿನ ಸುನ್ನತಿ, ಬೆನ್ಯಾಮೀನನ ಕುಲ, ಫರಿಸಾಯನ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನ) ಶಿಸ್ತು, ಧರ್ಮಶಾಸ್ತ್ರದ ವಿಷಯದಲ್ಲಿ ನಿರ್ದೋಷಿ. ಆ ಕಾಲದ ಯೆಹೂದ್ಯ ಮನೆಯಲ್ಲಿ ಇವು ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯಗಳು. ನಡುವೆ ಒಂದು ಮಾತ್ರ ಬೆಚ್ಚಿಬೀಳಿಸುತ್ತದೆ. ತನ್ನ ಆಸಕ್ತಿಗೆ ಸಾಕ್ಷಿಯಾಗಿ ಅವನು ಸಭೆಯನ್ನು ಹಿಂಸಿಸಿದ್ದನ್ನು ಹೇಳುತ್ತಾನೆ. ದೇವರಿಗೋಸ್ಕರ ಅಂದುಕೊಂಡೇ ಅದನ್ನೂ ಮಾಡಿದ್ದ.

ಹಾಗಾಗಿ ನಾನು ಬರೆದಿಟ್ಟುಕೊಂಡಿರುವ ಅರ್ಥ ಇಷ್ಟೇ: ಶರೀರಭಾವ ಅಂದರೆ ದೇವರನ್ನು ನೆಚ್ಚದೆ ನನ್ನನ್ನೇ ನೆಚ್ಚಿ ಬದುಕುವುದು. ಅದು ಒಬ್ಬರಲ್ಲಿ ಕುಡಿತವಾಗಿ ಹೊರಬರುತ್ತದೆ. ಇನ್ನೊಬ್ಬರಲ್ಲಿ ಉಪವಾಸದ ಲೆಕ್ಕವಾಗಿ ಹೊರಬರುತ್ತದೆ.

ಆ ಪಟ್ಟಿಯನ್ನು ಎಣಿಸಿ ನೋಡಿ

ಈಗ ಗಲಾತ್ಯ 5:19–21. ಶರೀರಭಾವದ ಕೆಲಸಗಳ ಪಟ್ಟಿ. ಗ್ರೀಕ್ ಮೂಲದ ಹಳೆಯ ಪ್ರತಿಗಳಲ್ಲಿ 15 ಇವೆ. ಕೆಲವು ಪ್ರತಿಗಳಲ್ಲಿ ವ್ಯಭಿಚಾರ, ಕೊಲೆ ಎರಡೂ ಸೇರಿ 17 ಆಗುತ್ತವೆ. ಹದಿನೈದನ್ನೇ ತೆಗೆದುಕೊಳ್ಳೋಣ. ಮೊದಲ ಮೂರು ಲೈಂಗಿಕ ಪಾಪಗಳು. ಆಮೇಲೆ ವಿಗ್ರಹಾರಾಧನೆ, ಮಾಟ. ಕೊನೆಗೆ ಕುಡಿಕತನ ಮತ್ತು ದುಂದಿನ ಮೋಜು. ಉಳಿದದ್ದು ಎಷ್ಟು? ಎಂಟು. ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಸ್ವಾರ್ಥದ ಪೈಪೋಟಿ, ಭೇದಗಳು, ಪಂಗಡಗಳು, ಮತ್ಸರ. ಅರ್ಧಕ್ಕಿಂತ ಜಾಸ್ತಿ!

ಈ ಎಂಟರಲ್ಲಿ ಒಂದಕ್ಕೂ ಸಭೆಯಿಂದ ಹೊರಗೆ ಕಾಲಿಡಬೇಕಾಗಿಲ್ಲ. ಎಲ್ಲವನ್ನೂ ಒಳಗೇ ಕೂತು ಮಾಡಬಹುದು. ಪಟ್ಟಿಯ ಆಚೆ ಈಚೆ ಏನಿದೆ ನೋಡಿ. 5:15ರಲ್ಲಿ ಒಬ್ಬರನ್ನೊಬ್ಬರು ಕಚ್ಚಿ ನುಂಗಿದರೆ ನಾಶವಾದೀರಿ ಎಂಬ ಎಚ್ಚರಿಕೆ. 5:26ರಲ್ಲಿ ಒಬ್ಬರನ್ನೊಬ್ಬರು ಕೆಣಕಬೇಡಿ, ಹೊಟ್ಟೆಕಿಚ್ಚು ಪಡಬೇಡಿ ಎಂಬ ಮಾತು. ಜಗಳದಿಂದ ಶುರು, ಜಗಳದಿಂದ ಕೊನೆ. ಆತ್ಮ ಮತ್ತು ಶರೀರದ ಬೋಧನೆ ನಡುವೆ ಕೂತಿದೆ. ಲೈಂಗಿಕ ಪಾಪ ಚಿಕ್ಕದು ಅಂತ ನಾನು ಹೇಳುತ್ತಿಲ್ಲ. ಪೌಲ ಅದನ್ನೇ ಮೊದಲು ಹೆಸರಿಸಿದ್ದಾನೆ. ಆದರೆ ನಮ್ಮ ಪ್ರಸಂಗಗಳಲ್ಲಿ ಮೊದಲ ಮೂರಕ್ಕೂ ಕೊನೆಯ ಎರಡಕ್ಕೂ ಸಿಗುವ ಸಮಯದಲ್ಲಿ ಕಾಲುಭಾಗವೂ ನಡುವಿನ ಎಂಟಕ್ಕೆ ಸಿಗುವುದಿಲ್ಲ ಅನ್ನುವುದು ನನ್ನ ದೂರು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಸಭೆಯ ಕಮಿಟಿ ಕೂತಿದೆ. ನೀವು ಯೋಚಿಸಿ ತಂದ ಸಲಹೆಯನ್ನು ಯಾರೂ ಒಪ್ಪಲಿಲ್ಲ. ಬೇರೆಯವರು ಹೇಳಿದ್ದು ಪಾಸಾಯಿತು. ನೀವು ಏನೂ ಮಾತಾಡಲಿಲ್ಲ, ನಗುತ್ತಲೇ ಎದ್ದು ಬಂದಿರಿ. ಮನೆಗೆ ಬಂದವರೇ ಒಬ್ಬ ಆಪ್ತರಿಗೆ ಫೋನ್ ಮಾಡಿದಿರಿ. "ಬ್ರದರ್, ಅವರಿಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ. ಅಧಿಕಾರ ಸಿಕ್ಕ ಮೇಲೆ ಅವರು ಮೊದಲಿನ ಹಾಗಿಲ್ಲ." ಮಾತು ಪ್ರಾರ್ಥನೆಯದ್ದು, ಕೆಲಸ ಪಂಗಡ ಕಟ್ಟುವುದು. ಎಂಟರಲ್ಲಿ ಮೂರ್ನಾಲ್ಕು ಆ ಒಂದೇ ಫೋನ್ ಕರೆಯಲ್ಲಿ ಮುಗಿದವು. ಮಾಡಿದವರಿಗೆ ತಾನು ಶರೀರಾನುಸಾರ ನಡೆದೆ ಅನ್ನುವ ಅನುಮಾನವೂ ಬರುವುದಿಲ್ಲ.

ಕೊರಿಂಥದ ಸಭೆ ಇದಕ್ಕೆ ಒಳ್ಳೆ ಉದಾಹರಣೆ. ಯಾವ ಆತ್ಮಿಕ ವರದಲ್ಲೂ ನಿಮಗೆ ಕೊರತೆಯಿಲ್ಲ ಎಂದು 1 ಕೊರಿಂಥ 1:7 ಹೇಳುತ್ತದೆ. ಭಾಷೆಗಳು, ಪ್ರವಾದನೆ, ಎಲ್ಲವೂ ಇದ್ದವು. ಆದರೂ 3:3ರಲ್ಲಿ ಪೌಲ ಅವರನ್ನು ಶರೀರಾಧೀನರು ಅನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಬೋಧಕರ ಹೆಸರು ಹೇಳಿಕೊಂಡು ಜಗಳವಾಡುತ್ತಿದ್ದರು. ವರ ಇದೆ ಅಂದ ಮಾತ್ರಕ್ಕೆ ಆತ್ಮಾನುಸಾರ ನಡೆಯುತ್ತಿದ್ದೇವೆ ಅಂತಲ್ಲ.

ದೇಹ ಶತ್ರುವಲ್ಲ

ಇದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಶರೀರಭಾವ ಕೆಟ್ಟದ್ದು ಅಂದ ಕೂಡಲೇ ಕೆಲವರು ದೇಹವೇ ಕೆಟ್ಟದ್ದು ಅಂದುಕೊಳ್ಳುತ್ತಾರೆ. ಹಾಗಲ್ಲ. ನಿಮ್ಮ ದೇಹ ಪವಿತ್ರಾತ್ಮನ ಆಲಯ ಎಂದು ಬರೆದವನೂ ಇದೇ ಪೌಲ (1 ಕೊರಿಂಥ 6:19). ವಾಕ್ಯವಾದಾತನು (ಅಂದರೆ ಕ್ರಿಸ್ತನು) ದೇಹಧಾರಿಯಾದನು ಎಂದು ಯೋಹಾನ 1:14 ಹೇಳುತ್ತದೆ. ದೇಹವೇ ಪಾಪವಾಗಿದ್ದರೆ ಅದು ಆಗುವ ಮಾತೇ ಅಲ್ಲ. ಹಸಿವು, ನಿದ್ದೆ, ದಾಂಪತ್ಯ, ದಣಿವು ಇವು ಶರೀರಭಾವವಲ್ಲ. ದೇಹವನ್ನು ದಂಡಿಸಿದರೆ ಆತ್ಮಿಕರಾಗುತ್ತೇವೆ ಅನ್ನುವವರಿಗೆ ಕೊಲೊಸ್ಸೆ 2:20–23 ನೇರ ಉತ್ತರ ಕೊಡುತ್ತದೆ. ಮುಟ್ಟಬೇಡ, ರುಚಿ ನೋಡಬೇಡ ಅನ್ನುವ ಕಟ್ಟಳೆಗಳು ನೋಡಲು ಜ್ಞಾನದ ಹಾಗಿವೆ, ಆದರೆ ಶರೀರಭಾವವನ್ನು ಹತೋಟಿಗೆ ತರಲು ಅವು ಏನೂ ಪ್ರಯೋಜನವಿಲ್ಲ.

ರೋಮ 7 ಮತ್ತು 8

ಇಷ್ಟವಿಲ್ಲದ್ದನ್ನೇ ಮಾಡುತ್ತೇನೆ, ಮಾಡಬೇಕಾದ್ದನ್ನು ಮಾಡುವುದಿಲ್ಲ ಎಂದು ಒದ್ದಾಡುವ ರೋಮ 7ರ ‘ನಾನು’ ಯಾರು? ಕ್ರಿಸ್ತನನ್ನು ನಂಬುವ ಮೊದಲಿನ ಮನುಷ್ಯನೋ, ನಂಬಿದವನೋ? ಇದರ ಬಗ್ಗೆ ಸಭೆಯ ಚರಿತ್ರೆಯುದ್ದಕ್ಕೂ ಚರ್ಚೆ ಇದೆ. 4–5ನೇ ಶತಮಾನದ ಸಭಾಪಿತೃ ಆಗಸ್ಟೀನನೇ ಮೊದಲು ಒಂದು ಅಭಿಪ್ರಾಯ ಇಟ್ಟುಕೊಂಡು, ಮನುಷ್ಯ ತನ್ನ ಬಲದಿಂದಲೇ ಒಳ್ಳೆಯವನಾಗಿ ಬದುಕಬಲ್ಲ ಅನ್ನುವ ಪೆಲಾಗಿಯನ ಬೋಧನೆಯ ಜೊತೆ ವಾದಕ್ಕೆ ಬಿದ್ದ ಕಾಲದಲ್ಲಿ ಅದನ್ನು ಬದಲಾಯಿಸಿಕೊಂಡ. ಇದು ವಿಶ್ವಾಸಿಯ ಹೋರಾಟವೂ ಹೌದು ಅನ್ನುವ ಅವನ ನಂತರದ ಅಭಿಪ್ರಾಯವನ್ನೇ 16ನೇ ಶತಮಾನದ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಹಿಡಿದರು. ಈ ವಾದ ತೀರಲಿ ಅಂತ ಕಾಯಬೇಕಾಗಿಲ್ಲ. ಯಾವ ಕಡೆ ನಿಂತರೂ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. 7:7ರಿಂದ 25ರ ವರೆಗೆ ‘ನಾನು, ನನಗೆ, ನನ್ನಲ್ಲಿ’ ಅಂತ ಸಾಲುಸಾಲಾಗಿ ಬರುತ್ತದೆ. ಪವಿತ್ರಾತ್ಮನ ಹೆಸರು ಒಮ್ಮೆಯೂ ಬರುವುದಿಲ್ಲ. 8ನೇ ಅಧ್ಯಾಯಕ್ಕೆ ಬಂದರೆ ಆತ್ಮನ ಮಾತು ಇಪ್ಪತ್ತರಷ್ಟು ಸಲ ಬರುತ್ತದೆ. ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋಗಿ, ವ್ಯತ್ಯಾಸ ಪುಟದ ಮೇಲೇ ಕಾಣುತ್ತದೆ.

ಒಳ್ಳೆಯ ಮನಸ್ಸಿದೆ, ಒಳ್ಳೆಯ ಆಜ್ಞೆ ಇದೆ, ಶಕ್ತಿ ಮಾತ್ರ ಇಲ್ಲ. ಇದು 7. ಹೊಸ ವರ್ಷಕ್ಕೆ ಮಾಡಿದ ತೀರ್ಮಾನಗಳು ಯಾಕೆ ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ಸಿಗಲಿಕ್ಕಿಲ್ಲ. ಧರ್ಮಶಾಸ್ತ್ರಕ್ಕೆ ಆಗದ್ದನ್ನು ದೇವರು ತನ್ನ ಮಗನನ್ನು ಕಳುಹಿಸಿ ಮಾಡಿದನು ಎಂದು 8:3 ಶುರುವಾಗುತ್ತದೆ. ಮೊದಲು ದೇವರು ಮಾಡಿದ್ದು, ಆಮೇಲೆ ನಾವು ನಡೆಯುವುದು. ಈ ಕ್ರಮ ತಲೆಕೆಳಗಾದರೆ ಮತ್ತೆ ಗಲಾತ್ಯದವರ ಕಥೆಯೇ.

ಹಾಗಾದರೆ ನಾವು ಏನೂ ಮಾಡಬೇಕಾಗಿಲ್ಲವೇ?

ಇಲ್ಲಿ ಎರಡು ಧಾಟಿಗಳಿವೆ. 17ನೇ ಶತಮಾನದ ಇಂಗ್ಲಿಷ್ ಪ್ಯೂರಿಟನ್ನರು (ಸಭೆಯನ್ನು ಇನ್ನೂ ಶುದ್ಧಗೊಳಿಸಬೇಕು ಅಂದವರು) ಪಾಪವನ್ನು ದಿನಾ ಸಾಯಿಸಬೇಕು, ಎಚ್ಚರ ತಪ್ಪಬಾರದು ಎಂದು ಒತ್ತಿ ಹೇಳಿದರು. 1875ರಲ್ಲಿ ಇಂಗ್ಲೆಂಡಿನ ಕೆಸ್ವಿಕ್‌ನಲ್ಲಿ ಶುರುವಾದ ಸಮ್ಮೇಳನಗಳು ಪೂರ್ಣವಾಗಿ ಒಪ್ಪಿಸಿಕೊಡುವುದರ ಮೇಲೆ, ನಂಬಿಕೆಯಿಂದ ಜಯ ಪಡೆಯುವುದರ ಮೇಲೆ ಒತ್ತು ಕೊಟ್ಟವು. ಮೊದಲನೆಯದು ಅತಿಯಾದರೆ ಸದಾ ತನ್ನನ್ನೇ ಕೆದಕಿ ನೋಡುವ ರೋಗ ಹತ್ತುತ್ತದೆ. ಎರಡನೆಯದು ಅತಿಯಾದರೆ ಸುಮ್ನೆ ಕೂತರೆ ಸಾಕು ಅನ್ನುವ ಸೋಮಾರಿತನ. ರೋಮ 8:13 ಎರಡನ್ನೂ ಒಂದೇ ವಾಕ್ಯದಲ್ಲಿ ಹಿಡಿದಿದೆ: ದೇಹದ ದುರಭ್ಯಾಸಗಳನ್ನು ಸಾಯಿಸಬೇಕಾದವರು ನೀವು, ಸಾಯಿಸುವ ಬಲ ಆತ್ಮನದು. ನನಗೆ ಇದರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ದಾರಿ ಕಾಣುವುದಿಲ್ಲ.

ದಿನದ ಬದುಕಿನಲ್ಲಿ ಇದು ಹೇಗೆ? ಗಲಾತ್ಯ 3:2 ಮತ್ತು 3:5ಕ್ಕೆ ಮತ್ತೆ ಹೋಗಿ. ಆತ್ಮನನ್ನು ಹೊಂದಿದ್ದು ಸುವಾರ್ತೆ ಕೇಳಿ ನಂಬಿದ್ದರಿಂದ. ಮುಂದುವರಿಯುವುದೂ ಹಾಗೆಯೇ, ಬೇರೆ ಗುಟ್ಟೇನಿಲ್ಲ. ಎಫೆಸ 5:18–21ನ್ನೂ ಕೊಲೊಸ್ಸೆ 3:16–17ನ್ನೂ ಅಕ್ಕಪಕ್ಕ ಇಟ್ಟು ಓದಿ. ಒಂದು ಕಡೆ ಆತ್ಮಭರಿತರಾಗಿ ಅಂತಿದೆ, ಇನ್ನೊಂದು ಕಡೆ ಕ್ರಿಸ್ತನ ವಾಕ್ಯ ನಿಮ್ಮಲ್ಲಿ ಹೇರಳವಾಗಿ ನೆಲೆಸಲಿ ಅಂತಿದೆ. ಎರಡು ಕಡೆಯೂ ಮುಂದೆ ಬರುವುದು ಹೆಚ್ಚುಕಡಿಮೆ ಅದೇ: ಹಾಡು, ಕೃತಜ್ಞತೆ, ಮನೆಯವರ ಜೊತೆಗಿನ ನಡತೆ. ವಾಕ್ಯವನ್ನು ಬದಿಗಿಟ್ಟು ಆತ್ಮನ ಅನುಭವ ಹುಡುಕುವವರು ಈ ಎರಡು ಭಾಗಗಳನ್ನು ಒಟ್ಟಿಗೆ ಓದಿಲ್ಲ ಅಂತ ನನಗನ್ನಿಸುತ್ತದೆ.

ಆತ್ಮನ ಫಲದ ಒಂಬತ್ತು ಗುಣಗಳ ಬಗ್ಗೆ (ಗಲಾತ್ಯ 5:22–23) ಎಲ್ಲರಿಗೂ ಗೊತ್ತು, ಅವನ್ನು ಒಂದೊಂದಾಗಿ ವಿವರಿಸುವುದಿಲ್ಲ. ಒಂದನ್ನು ಮಾತ್ರ ಗಮನಿಸಿ. ದೀರ್ಘಶಾಂತಿ, ದಯೆ, ಸಾಧುತ್ವ ಇವು ಒಬ್ಬರೇ ಇರುವಾಗ ಪರೀಕ್ಷೆಗೆ ಬರುವುದೇ ಇಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸುವಾಗ ನಾವೆಲ್ಲ ಸಾಧುಗಳೇ.

6ನೇ ಅಧ್ಯಾಯವನ್ನು ಬಿಡಬೇಡಿ

ಬೈಬಲಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಪೌಲ ಬರೆದಾಗ 5:26ಕ್ಕೂ 6:1ಕ್ಕೂ ನಡುವೆ ಗೆರೆ ಇರಲಿಲ್ಲ. ನಾವು 5ರ ಕೊನೆಗೆ ನಿಲ್ಲಿಸಿಬಿಡುತ್ತೇವೆ, ಅಲ್ಲಿಗೆ ಪರೀಕ್ಷೆ ಕೈತಪ್ಪುತ್ತದೆ. ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಆತ್ಮಿಕರಾದ ನೀವು ಅವನನ್ನು ಸಾಧುತ್ವದಿಂದ ಸರಿಮಾಡಿ, ನಿಮ್ಮ ವಿಷಯದಲ್ಲೂ ಎಚ್ಚರವಾಗಿರಿ ಎಂದು 6:1 ಹೇಳುತ್ತದೆ. ಆಗತಾನೇ ಹೇಳಿದ ಸಾಧುತ್ವಕ್ಕೆ ತಕ್ಷಣ ಕೆಲಸ ಸಿಕ್ಕಿತು. ಬಿದ್ದವನ ಸುದ್ದಿ ಕಿವಿಗೆ ಬಿದ್ದಾಗ ಒಳಗೆ ಸಣ್ಣ ಖುಷಿ ಆಗುತ್ತದಲ್ಲ, ಅದನ್ನೂ ಪಟ್ಟಿಯ ಕೊನೆಯಲ್ಲಿರುವ ‘ಇಂಥವುಗಳು’ ಅನ್ನುವುದಕ್ಕೆ ಸೇರಿಸಿಕೊಳ್ಳಿ.

6:8ರಲ್ಲಿ ಶರೀರಕ್ಕೆ ಬಿತ್ತುವುದು, ಆತ್ಮಕ್ಕೆ ಬಿತ್ತುವುದು ಅನ್ನುವ ಮಾತು ಬರುತ್ತದೆ. ಇದನ್ನು ಬಿಡಿಯಾಗಿ ಓದಿದರೆ ಏನೋ ಗೂಢವಾದ ಅನುಭವದ ಹಾಗೆ ಕೇಳಿಸುತ್ತದೆ. ಹಿಂದೆ ಮುಂದೆ ಇರುವ ವಚನಗಳನ್ನು ನೋಡಿ. 6:6ರಲ್ಲಿ, ವಾಕ್ಯ ಕಲಿಯುವವನು ಕಲಿಸುವವನಿಗೆ ತನ್ನಲ್ಲಿರುವುದರಲ್ಲಿ ಪಾಲು ಕೊಡಲಿ ಅಂತಿದೆ. 6:10ರಲ್ಲಿ ಎಲ್ಲರಿಗೂ, ಮುಖ್ಯವಾಗಿ ವಿಶ್ವಾಸದ ಮನೆಯವರಿಗೆ ಒಳ್ಳೆಯದನ್ನು ಮಾಡಿ ಅಂತಿದೆ. ನಡುವೆ ಬಂದಿರುವ ಬಿತ್ತನೆಯ ಮಾತು ಹಣ, ಸಮಯ, ಕೈಯಿಂದ ಮಾಡುವ ಸಹಾಯ ಇವನ್ನೂ ಸೇರಿಸಿಕೊಂಡೇ ಇದೆ. ಆತ್ಮಾನುಸಾರ ನಡೆಯುತ್ತಿದ್ದೇನಾ ಅಂತ ತಿಳಿಯಬೇಕಾದರೆ ಪ್ರಾರ್ಥನೆಯ ಜೊತೆಗೆ ಖರ್ಚಿನ ಲೆಕ್ಕವನ್ನೂ ತೆಗೆದು ನೋಡುವುದು ಒಳ್ಳೆಯದು.

ಗುಂಪಾಗಿ ಓದುವವರು ಇದಾದ ಮೇಲೆ ರೋಮ 14 ತೆಗೆದುಕೊಳ್ಳಿ. ಅಲ್ಲಿ ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ. ಒಬ್ಬ ಒಂದು ದಿನವನ್ನು ವಿಶೇಷ ಅನ್ನುತ್ತಾನೆ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಯಾವ ಪದಾರ್ಥವೂ ತನ್ನಷ್ಟಕ್ಕೇ ಅಶುದ್ಧವಲ್ಲ ಅಂತ ಪೌಲನಿಗೆ ಗೊತ್ತು, ಅದನ್ನು 14:14ರಲ್ಲಿ ಹೇಳಿಯೂ ಬಿಡುತ್ತಾನೆ. ಆದರೂ ಕಾಯಿಪಲ್ಯದವನು ಬದಲಾಗಲೇಬೇಕು ಅಂತ ಹಟ ಹಿಡಿಯುವುದಿಲ್ಲ. ದೇವರ ರಾಜ್ಯ ಪವಿತ್ರಾತ್ಮನಲ್ಲಿರುವ ನೀತಿ, ಸಮಾಧಾನ, ಆನಂದ ಎಂದು 14:17ರಲ್ಲಿ ಬರೆದು, ತಮ್ಮನಿಗೆ ಅಡ್ಡಿಯಾಗುವುದಾದರೆ ಮಾಂಸವನ್ನು ಬಿಡುವುದೇ ಒಳ್ಳೆಯದು ಎಂದು 14:21ರಲ್ಲಿ ಸರಿ ಇರುವವನಿಗೇ ಹೇಳುತ್ತಾನೆ. ನಿಮ್ಮ ಗುಂಪಿನಲ್ಲಿ ಚರ್ಚೆಗೆ ಒಂದು ಪ್ರಶ್ನೆ: ನಾವು ಸರಿ ಇದ್ದೂ ಇನ್ನೊಬ್ಬರಿಗೋಸ್ಕರ ಬಿಟ್ಟುಕೊಟ್ಟ ಒಂದು ವಿಷಯ ಯಾವುದು?