‘ಟೆನ್ ಲಿಟಲ್ ಇಂಡಿಯನ್ಸ್’ ಹಾಡನ್ನು ಮಗುವಿಗೆ ಕಲಿಸಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಎಲ್‌ಕೆಜಿಗೆ ಹೋಗುವ ನನ್ನ ಮಗಳು ಮನೆಗೆ ಬಂದರೂ ‘ಟೆನ್ ಲಿಟಲ್ ಇಂಡಿಯನ್ಸ್’ ಹಾಡುತ್ತಾಳೆ. ಇಂಥ ಹಾಡುಗಳಲ್ಲಿ ಜನಾಂಗ ನಿಂದನೆ ಇದೆಯಂತೆ. ಎಲ್ಲವನ್ನೂ ಬಿಡಿಸಬೇಕಾ?

ಎಲ್ಲವೂ ಬೇಡ. ಆದರೆ ಈ ಹಾಡನ್ನು ಮಾತ್ರ ಬಿಡಿಸಿ.

ಇದು ನಮ್ಮ ಬಗ್ಗೆಯೇ ಇರುವ ಹಾಡು ಅಂತ ನಮ್ಮ ಮಕ್ಕಳು ಖುಷಿಯಾಗಿ ಹಾಡುತ್ತಾರೆ. ನಿಜವಾಗಿ ಅದು ಅಮೆರಿಕದ ಮೂಲನಿವಾಸಿಗಳ ಬಗ್ಗೆ. 1868ರಲ್ಲಿ ಸೆಪ್ಟಿಮಸ್ ವಿನ್ನರ್ ಇದನ್ನು ಅಮೆರಿಕದಲ್ಲಿ ಬರೆದ. ಅದರಲ್ಲಿ ಹತ್ತು ಹುಡುಗರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಒಬ್ಬ ಕತ್ತು ಮುರಿದುಕೊಳ್ಳುತ್ತಾನೆ, ಒಬ್ಬ ದೋಣಿಯಿಂದ ನೀರಿಗೆ ಬೀಳುತ್ತಾನೆ, ಒಬ್ಬನಿಗೆ ಗುಂಡು ತಗಲುತ್ತದೆ. ಅದೇ ಕಾಲದಲ್ಲಿ ಆ ಜನರನ್ನು ಅವರ ನೆಲದಿಂದ ನಿಜವಾಗಿಯೂ ಓಡಿಸಲಾಗುತ್ತಿತ್ತು. ಅದನ್ನು ತಮಾಷೆ ಹಾಡು ಮಾಡಿಕೊಂಡರು ಅಂದರೆ ಸಂಕಟವಾಗುತ್ತದೆ.

ಮರುವರ್ಷ ಬ್ರಿಟನ್ನಿನಲ್ಲಿ ಫ್ರಾಂಕ್ ಗ್ರೀನ್ ಇದನ್ನೇ ಕಪ್ಪು ಹುಡುಗರ ಮೇಲೆ ತಿರುಗಿಸಿ ಬರೆದ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಪ್ರದರ್ಶನಗಳಿಗಾಗಿ ಬರೆದದ್ದು ಅದು. ಅಗಾಥಾ ಕ್ರಿಸ್ಟಿ 1939ರ ತಮ್ಮ ಕಾದಂಬರಿಗೆ ಆ ಹಾಡಿನ ಹೆಸರನ್ನೇ ಇಟ್ಟಿದ್ದರು. 1940ರಲ್ಲಿ ಅಮೆರಿಕದಲ್ಲಿ ಅಚ್ಚಾಗುವಾಗ ಹೆಸರು ಬದಲಾಯಿತು.

ಈಗ ಶಾಲೆಯಲ್ಲಿ ಹೇಳಿಕೊಡುವುದರಲ್ಲಿ ಸಾವು ಇಲ್ಲ, ಬರೀ ಎಣಿಕೆ ಇದೆ, ನಿಜ. ಆದರೂ ಬದುಕಿರುವ ಒಂದು ಜನಾಂಗವನ್ನು ಗೋಲಿಗಳ ಹಾಗೆ ಎಣಿಸುವುದು ಯಾಕೆ? ಎಲ್ಲೋ ದೂರದ ವಿಷಯ, ನಮಗೇನು ಅನ್ನಬೇಡಿ. ನಮ್ಮ ತರಗತಿಗಳಲ್ಲೂ ‘ಕರಿಯ’ ಅಂತ ಕರೆಸಿಕೊಂಡು ಅಳುವ ಮಕ್ಕಳಿದ್ದಾರೆ ಅಲ್ವಾ?

ರಾಗ ಹಾಗೇ ಇರಲಿ. ‘ಒಂದು ದೋಸೆ, ಎರಡು ದೋಸೆ, ಮೂರು ಬೆಣ್ಣೆ ದೋಸೆ’ ಅಂತ ಹಾಡಿಸಿ ನೋಡಿ. ದಾವಣಗೆರೆ ಮಗು ಬೇಡ ಅನ್ನಲ್ಲ. ಮಿಸ್ ಹತ್ತಿರವೂ ಜಗಳ ಮಾಡದೆ ಇದನ್ನೇ ಹೇಳಿ. ಅವರಿಗೂ ಹತ್ತರವರೆಗೆ ಎಣಿಸುವುದು ಬಂದರೆ ಸಾಕು.

‘ಈನಿ ಮೀನಿ’ಯ ಹಳೆಯ ಒಂದು ರೂಪದಲ್ಲಿ ಕಪ್ಪು ಜನರನ್ನು ಬೈಯುವ ಪದವಿತ್ತು. ಈಗ ಅಲ್ಲಿ ಹುಲಿ ಬಂದಿದೆ. ಹಾಡಿದರೆ ತಪ್ಪಿಲ್ಲ. ಆದರೆ ಆಟಕ್ಕೆ ಆಳು ಆರಿಸಲು ನಮ್ಮ ‘ಅವಲಕ್ಕಿ ಪವಲಕ್ಕಿ’ ಇರುವಾಗ ಅದೇ ಚೆಂದ.

‘ಬಾ ಬಾ ಬ್ಲ್ಯಾಕ್ ಶೀಪ್’ ಮೇಲೆ ಮಾತ್ರ ಸುಮ್ನೆ ಆರೋಪ. ಅದು 1744ರ ಹೊತ್ತಿಗೇ ಅಚ್ಚಾಗಿತ್ತು. ಗುಲಾಮಗಿರಿಯ ಹಾಡು ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಕರಿ ಕುರಿ, ಅದರ ಉಣ್ಣೆ, ಅಷ್ಟೇ. ಚಳ್ಳಕೆರೆ ಕಡೆ ಹೋದಾಗ ಕಂಬಳಿ ನೇಯುವುದನ್ನು ಮಗುವಿಗೆ ತೋರಿಸಿ, ಧಾರಾಳವಾಗಿ ಹಾಡಿಸಿ.