ಸಿಸ್ಟಮ್ ಸ್ಲೋ ಆದರೆ ಏನು ನೋಡಬೇಕು, ಹೇಗೆ ಕೇಳಬೇಕು: ಕಾಸರಗೋಡಿನ ಸಹಕಲಿಕೆಯವರಿಗೆ ಟಿಪ್ಪಣಿ

ಕಂಪ್ಯೂಟರ್ ಕಲಿಯುತ್ತಿರುವ ನಮ್ಮಂಥವರ ನಡುವೆ ಜಾಸ್ತಿ ಓಡಾಡುವ ಪ್ರಶ್ನೆ ಇದು: "ಸಿಸ್ಟಮ್ ತುಂಬಾ ಸ್ಲೋ ಉಂಟು, ರ‍್ಯಾಮ್ ಹಾಕಿಸಿದ್ರೆ ಸರಿಯಾಗ್ತದಾ?" ರ‍್ಯಾಮ್ ಎಂದರೆ ಓಡುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ಆದರೆ ಇಷ್ಟೇ ಹೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಕಾರಣ ರ‍್ಯಾಮೇ ಆಗಬೇಕೆಂದಿಲ್ಲ. ಹಾರ್ಡ್ ಡಿಸ್ಕ್ ಸುಸ್ತಾಗಿರಬಹುದು. ಫ್ಯಾನಿನಲ್ಲಿ ಧೂಳು ತುಂಬಿ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಂಡಿರಬಹುದು. ಪೇಟೆಯ ಅಂಗಡಿಗೆ ಹೋದರೂ ಅಷ್ಟೇ, ಮಂಗಳೂರಿಗೆ ಹೋದರೂ ಅಷ್ಟೇ: ಅಂದಾಜಿನ ಪ್ರಶ್ನೆಗೆ ಅಂದಾಜಿನ ಉತ್ತರ, ಬಿಲ್ಲು ಮಾತ್ರ ಅಂದಾಜಿನದ್ದಲ್ಲ. ಹಾಗಾಗಿ ನಾನು ಹೇಳುವ ಕ್ರಮ ಹೀಗೆ: ಮೊದಲು ನೋಡುವುದು, ಆಮೇಲೆ ಕೇಳುವುದು, ಕೊಳ್ಳುವುದು ಕೊನೆಗೆ.

ಟಾಸ್ಕ್ ಮ್ಯಾನೇಜರ್ ಓದುವುದು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗಕ್ಕೆ ಹೋಗಿ. ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಮೂರರ ಗೆರೆ ಓಡುತ್ತಿರುತ್ತದೆ. ಸಿಸ್ಟಮ್ ಸ್ಲೋ ಆಗಿರುವ ಹೊತ್ತಿನಲ್ಲೇ ನೋಡಬೇಕು. ಸರಿ ಇರುವಾಗ ನೋಡಿ ಪ್ರಯೋಜನ ಇಲ್ಲ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದೃಶ್ಯ ಇದು: ಸಿಪಿಯು ಶೇಕಡಾ 10ರ ಆಸುಪಾಸು, ಡಿಸ್ಕ್ ಶೇಕಡಾ 100. ಈ 100 ನೋಡಿ "ಡಿಸ್ಕ್ ತುಂಬಿದೆ" ಎಂದು ಫೋಟೋಗಳನ್ನೆಲ್ಲ ಡಿಲೀಟ್ ಮಾಡಲು ಹೊರಡಬೇಡಿ. ಅದು ಜಾಗದ ಲೆಕ್ಕ ಅಲ್ಲ, ಕೆಲಸದ ಲೆಕ್ಕ. ಡಿಸ್ಕಿಗೆ ಉಸಿರಾಡಲು ಪುರುಸೊತ್ತಿಲ್ಲ ಎಂದರ್ಥ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ, ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು. ಒಂದು ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ ಸುಮಾರು 100 ಎಂಬಿ ಸಿಕ್ಕೀತು. ಆದರೆ ವಿಂಡೋಸ್ ಆನ್ ಆಗುವಾಗ ಓದಬೇಕಾದದ್ದು ಸಾವಿರಾರು ಚಿಕ್ಕ ಫೈಲು, ಒಂದು ಇಲ್ಲಿ, ಇನ್ನೊಂದು ಅಲ್ಲಿ. ಪ್ರತಿ ಸಲವೂ ಓದುವ ಮುಳ್ಳು ಸರಿದು, ತಟ್ಟೆ ತಿರುಗಿ ಬರುವ ತನಕ ಕಾಯಬೇಕು. ಆಗ ವೇಗ ಒಂದೆರಡು ಎಂಬಿಗೆ ಇಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಫೈಲು ಕೂರುವುದು ಚಿಪ್ಪಿನೊಳಗೆ. ಸಾಟಾ ಎಂಬ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ, ಚಿಕ್ಕ ಫೈಲುಗಳಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು. ಹಳೆಯ ಸಿಸ್ಟಮಿಗೆ ಒಂದೇ ಒಂದು ಖರ್ಚು ಮಾಡುವುದಾದರೆ ನನ್ನ ಓಟು ಎಸ್‌ಎಸ್‌ಡಿಗೆ.

ಇಲ್ಲೊಂದು ಸೂಕ್ಷ್ಮ ಉಂಟು. ರ‍್ಯಾಮ್ ಸಾಲದೆ ಹೋದಾಗ ವಿಂಡೋಸ್ ಅದರಲ್ಲಿದ್ದ ಸ್ವಲ್ಪ ಭಾಗವನ್ನು ಡಿಸ್ಕಿಗೆ ಸಾಗಿಸುತ್ತದೆ. ಆಗಲೂ ಡಿಸ್ಕ್ 100 ತೋರಿಸುತ್ತದೆ. ಅಂದರೆ ತಪ್ಪು ಡಿಸ್ಕಿನದ್ದಲ್ಲ, ರ‍್ಯಾಮಿನದ್ದು. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು. ಮೆಮೊರಿ 90 ದಾಟಿ, ಡಿಸ್ಕ್ 100 ಇದ್ದರೆ ರ‍್ಯಾಮಿನ ಮೇಲೆ ಅನುಮಾನ ಪಡಿ. ಮೆಮೊರಿ 60, ಡಿಸ್ಕ್ 100 ಇದ್ದರೆ ಡಿಸ್ಕನ್ನೇ ಹಿಡಿಯಿರಿ. ಮೆಮೊರಿ 60 ಇದ್ದದ್ದಕ್ಕೆ ಗಾಬರಿ ಬೇಡ. ಖಾಲಿ ಇರುವ ರ‍್ಯಾಮಿನಿಂದ ಯಾರಿಗೂ ಉಪಕಾರ ಇಲ್ಲ.

ಒಂದು ಉದಾಹರಣೆ ಬಿಡಿಸಿ ನೋಡೋಣ

ಲ್ಯಾಪ್‌ಟಾಪಿನಲ್ಲಿ ಐ3-5005ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಎಂದಿಟ್ಟುಕೊಳ್ಳಿ. ಗೆರೆಯ ನಂತರದ ಮೊದಲ ಅಂಕಿ 5, ಅಂದರೆ ಇಂಟೆಲ್‌ನ ಐದನೇ ತಲೆಮಾರು. ಐ5-8250ಯು ಎಂದಿದ್ದರೆ ಎಂಟನೆಯದು. ಐ5-10210ಯು ಎಂದು ಐದಂಕಿ ಇದ್ದರೆ ಮೊದಲ ಎರಡು ಅಂಕಿ ಓದಬೇಕು: ಹತ್ತನೆಯದು.

ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ವೇಗ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ಯಾವ ಆಕಾರ ಎಂಬುದೆಲ್ಲ ಬರೆದಿರುತ್ತದೆ. ಇದನ್ನು ಯಾರೂ ಓದುವುದೇ ಇಲ್ಲ! ವೇಗ 1600 ಎಂದಿದ್ದರೆ ಅದು ಡಿಡಿಆರ್3 ಎಂಬ ಹಳೆಯ ಜಾತಿಯ ರ‍್ಯಾಮ್. 2133ರಿಂದ 3200ರ ಒಳಗಿದ್ದರೆ ಡಿಡಿಆರ್4. 4800 ಅಥವಾ ಮೇಲಿದ್ದರೆ ಡಿಡಿಆರ್5. ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಯಲ್ಲಿ 204 ಪಿನ್ನು, ಡಿಡಿಆರ್4ರಲ್ಲಿ 260, ನಡುವಿನ ಕಚ್ಚೂ ಬೇರೆ ಜಾಗದಲ್ಲಿ. ಡಿಡಿಆರ್3ರಲ್ಲೇ ಹೆಸರಿನ ಕೊನೆಗೆ 'ಎಲ್' ಇರುವುದು 1.35 ವೋಲ್ಟಿನದ್ದು, ಇಲ್ಲದ್ದು 1.5 ವೋಲ್ಟಿನದ್ದು. ಐದನೇ ತಲೆಮಾರಿನ ಲ್ಯಾಪ್‌ಟಾಪಿಗೆ ಬೇಕಾದದ್ದು 'ಎಲ್'. ಆಕಾರ ಎಂಬಲ್ಲಿ 'ರೋ ಆಫ್ ಚಿಪ್ಸ್' ಎಂದಿದ್ದರೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೆ ಎಂದರ್ಥ, ಅದನ್ನು ತೆಗೆದು ಬೇರೆ ಹಾಕಲಾಗದು.

ಈ ಲ್ಯಾಪ್‌ಟಾಪಿಗೆ ನನ್ನ ಸಲಹೆ: 240 ಅಥವಾ 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಮೊದಲು. ತೆಗೆದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು. ರ‍್ಯಾಮ್ ಆಮೇಲೆ, ಅದೂ ಸೆಕೆಂಡ್ ಹ್ಯಾಂಡ್ ಒಳ್ಳೆಯದು ಸಿಕ್ಕಿದರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿವೆ, ಅದರ ಬಿಸಿ ಬದಿಯಡ್ಕದ ಅಂಗಡಿಗೂ ತಟ್ಟಿದೆ.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಎಸ್‌ಎಸ್‌ಡಿಯಲ್ಲಿ ಎರಡು ಜಾತಿ: ಸಾಟಾ ಮತ್ತು ಅದಕ್ಕಿಂತ ವೇಗದ ಎನ್‌ವಿಎಂಇ. ಎರಡೂ 22 ಮಿಲಿಮೀಟರ್ ಅಗಲ, ಹೆಚ್ಚಾಗಿ 80 ಮಿಲಿಮೀಟರ್ ಉದ್ದ. ನೋಟಕ್ಕೆ ಅಣ್ಣತಮ್ಮ. ಆದರೆ ಸಾಟಾ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಎನ್‌ವಿಎಂಇ ಕೆಲಸ ಮಾಡುವುದಿಲ್ಲ. ಮಾದರಿ ಸಂಖ್ಯೆ ಹಾಕಿ ಕಂಪನಿಯ ಕೈಪಿಡಿ ನೋಡದೆ ಆರ್ಡರ್ ಮಾಡಬೇಡಿ.

ವಿಂಡೋಸ್ 10 ಇರುವವರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅಂದ ಮಾತ್ರಕ್ಕೆ ಸಿಸ್ಟಮ್ ನಿಂತು ಹೋಗುವುದಿಲ್ಲ, ಭದ್ರತೆಯ ಅಪ್‌ಡೇಟ್ ಬರುವುದಿಲ್ಲ ಅಷ್ಟೇ. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅವಧಿಯನ್ನು ಮೈಕ್ರೋಸಾಫ್ಟ್ ಕೊಟ್ಟಿತು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದ್ದು ಆಗಬೇಕು. ಮೇಲಿನ ಉದಾಹರಣೆಯ ಲ್ಯಾಪ್‌ಟಾಪಿಗೆ ಈ ಬಾಗಿಲು ಮುಚ್ಚಿದೆ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಆದರೆ ಅಪ್‌ಡೇಟ್ ಬರುತ್ತದೆ ಎಂಬ ಖಾತ್ರಿ ಇಲ್ಲ.

ಅಂಥ ಸಿಸ್ಟಮಿಗೆ ವಿಂಡೋಸಿನ ಬದಲು ಹಾಕುವ ಲಿನಕ್ಸ್ ಚೆನ್ನಾಗಿ ಹೊಂದುತ್ತದೆ. ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಒಂದು ಲಾಭವೂ ಉಂಟು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಎಂಬ ಆವೃತ್ತಿಯನ್ನು ಆಧರಿಸಿದ ಲಿನಕ್ಸಿನಲ್ಲಿ. ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬುಗಳು 2018ರಿಂದ ಇವೆ. ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿನ ಮಗು ಮನೆಯಲ್ಲಿದ್ದರೆ ಲಿನಕ್ಸ್ ಬಗ್ಗೆ ಮೊದಲು ಆ ಮಗುವನ್ನೇ ಕೇಳಿ. ಅಂಗಡಿಯವರಿಗೆ ಹೆಚ್ಚಾಗಿ ವಿಂಡೋಸೇ ಅಭ್ಯಾಸ.

ಕೇಳುವ ರೀತಿ

"ನನ್ನ ಕಂಪ್ಯೂಟರ್ ಹ್ಯಾಂಗ್ ಆಗ್ತಾ ಉಂಟು, ಎಂತ ಮಾಡುದು?" ಎಂದರೆ ಗೊತ್ತಿರುವವರೂ ಸುಮ್ನೆ ಇದ್ದುಬಿಡುತ್ತಾರೆ. ಹೀಗೆ ಕೇಳಿ ನೋಡಿ:

"ಅಣ್ಣ, ಐ3-5005ಯು ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಕಳೆದ ವಾರದ ಅಪ್‌ಡೇಟ್ ನಂತರ ಆನ್ ಆಗಲಿಕ್ಕೆ ಏಳು ನಿಮಿಷ ಬೇಕು. ಆಗ ಡಿಸ್ಕ್ 100, ಮೆಮೊರಿ 62 ತೋರಿಸ್ತದೆ. ಆ್ಯಂಟಿವೈರಸ್ ತೆಗೆದು ನೋಡಿದೆ, ಬದಲಾವಣೆ ಇಲ್ಲ. ಫೋಟೋ ಕಳಿಸಿದ್ದೇನೆ."

ಯಾವ ಸಿಸ್ಟಮ್, ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಏನು ಬದಲಾಯಿತು, ನೀವು ಏನು ಮಾಡಿ ನೋಡಿದಿರಿ, ಎಲ್ಲ ಅದರಲ್ಲಿದೆ. ಎರರ್ ಬಂದರೆ "ಏನೋ ಇಂಗ್ಲಿಷಿನಲ್ಲಿ ಬಂತು" ಎನ್ನಬೇಡಿ. ಅದರ ಫೋಟೋ ತೆಗೆಯಿರಿ, ಸಂಖ್ಯೆ ಕಾಣುವ ಹಾಗೆ. ಅಂಗಡಿಯ ಮೆಕ್ಯಾನಿಕ್ ಮಲಯಾಳ ಮಾತಾಡಿದರೂ ತುಳು ಮಾತಾಡಿದರೂ ಆ ಸಂಖ್ಯೆ ಅವರಿಗೆ ಅರ್ಥವಾಗುತ್ತದೆ.

ಒಂದು ಸಣ್ಣ ತೊಂದರೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾವ ವೆಬ್‌ಸೈಟ್ ತೆರೆದರೂ "ಸಂಪರ್ಕ ಸುರಕ್ಷಿತವಲ್ಲ" ಎಂದು ಬರುತ್ತಿದ್ದರೆ ಮೊದಲು ತಾರೀಕು ನೋಡಿ. ಹಳೆಯ ಡೆಸ್ಕ್‌ಟಾಪ್ ಹಿಂದಿನ ಯಾವುದೋ ಇಸವಿ ತೋರಿಸುತ್ತಿದ್ದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಸತ್ತಿರುತ್ತದೆ. ಚಿಲ್ಲರೆ ಖರ್ಚಿನ ಕೆಲಸ. ಇದಕ್ಕೆ ಇಡೀ ವಿಂಡೋಸ್ ಬದಲಾಯಿಸಬೇಕಾಗಿಲ್ಲ.

ಅಂಗಡಿಗೆ ಕೊಡುವ ಮೊದಲು

"ಫಾರ್ಮ್ಯಾಟ್ ಹೊಡೆದು ಕೊಡ್ತೇವೆ" ಎಂಬ ಮಾತಿಗೆ ತಲೆ ಆಡಿಸುವ ಮೊದಲು ಫೈಲುಗಳ ನಕಲು ಹೊರಗೆ ಇದೆಯೇ ನೋಡಿ. ಡಿ ಡ್ರೈವಿನಲ್ಲಿದೆ ಎಂಬ ಧೈರ್ಯ ಸಾಲದು, ಡಿ ಕೂಡ ಅದೇ ಡಿಸ್ಕಿನ ಭಾಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ನಮಗೆ ಗೊತ್ತಿಲ್ಲದೆಯೇ ಬಿದ್ದಿರಬಹುದು. ಬಯೋಸ್ (ಆನ್ ಆಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಬದಲಾಯಿಸಿದಾಗ ಅಥವಾ ಬೋರ್ಡ್ ರಿಪೇರಿ ಆದಾಗ ಅದು 48 ಅಂಕಿಯ ಕೀಲಿ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಕೀಲಿ ಇಲ್ಲದಿದ್ದರೆ ಒಳಗಿನ ಫೈಲುಗಳನ್ನು ಅಂಗಡಿಯವರೂ ತೆಗೆಯಲಾರರು.

ಮಳೆ, ಸಿಡಿಲು, ಅರ್ಥಿಂಗ್

ಹೊರಗಿನ ಪುಸ್ತಕಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಮುಗಿಯುವುದಿಲ್ಲ. ಏಪ್ರಿಲ್-ಮೇಯಲ್ಲಿ ಮತ್ತು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲಿ ಸಂಜೆ ಹೊತ್ತು ಗುಡುಗು ಸಿಡಿಲಿನ ಅಬ್ಬರ ಜಾಸ್ತಿ. ಸಿಡಿಲಿನ ಕರೆಂಟ್ ಬರುವುದು ವಿದ್ಯುತ್ ತಂತಿಯಿಂದ ಮಾತ್ರ ಅಲ್ಲ. ತಾಮ್ರದ ಟೆಲಿಫೋನ್ ಲೈನಿನಿಂದ ಮೋಡೆಮ್‌ಗೆ, ಮೋಡೆಮ್‌ನಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಕಂಪ್ಯೂಟರಿನ ಬೋರ್ಡಿಗೆ ಬರುತ್ತದೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಬರದು. ಆದರೆ ಫೈಬರ್ ಮೋಡೆಮ್‌ನ ಅಡಾಪ್ಟರ್ ಗೋಡೆಯಲ್ಲಿ ಚುಚ್ಚಿಯೇ ಇರುತ್ತದಲ್ವಾ? ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ನೆಟ್‌ವರ್ಕ್ ಕೇಬಲ್ಲನ್ನೂ. ಗುಡುಗು ಹತ್ತಿರ ಬಂದ ಮೇಲೆ ಕೀಳಲು ಹೋಗಬೇಡಿ, ಮೋಡ ಕಟ್ಟುವಾಗಲೇ ಕಿತ್ತಿಡಿ.

ಡೆಸ್ಕ್‌ಟಾಪಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ ಬೆರಳು ಜುಂ ಎನ್ನುತ್ತದೆಯೇ? ಅರ್ಥಿಂಗ್ ಸರಿ ಇಲ್ಲ ಎಂಬುದಕ್ಕೆ ಇದು ಸೂಚನೆ. ಪವರ್ ಸಪ್ಲೈಯೊಳಗಿನ ಫಿಲ್ಟರಿನಿಂದ ಸ್ವಲ್ಪ ಕರೆಂಟ್ ಪೆಟ್ಟಿಗೆಗೆ ಸೋರುತ್ತದೆ, ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಹಳೆಯ ಮನೆಗಳಲ್ಲಿ ಮೂರು ಕಾಲಿನ ಪ್ಲಗ್ ಇದ್ದರೂ ಹಿಂದೆ ಅರ್ಥ್ ತಂತಿಯೇ ಇಲ್ಲದಿರುವುದು ಉಂಟು. ಇದ್ದರೂ ಬೇಸಿಗೆಯಲ್ಲಿ ಮಣ್ಣು ಒಣಗಿ ಅದರ ಶಕ್ತಿ ಕುಂದುತ್ತದೆ. ಇದಕ್ಕೆ ಕಂಪ್ಯೂಟರ್ ಮೆಕ್ಯಾನಿಕ್ ಅಲ್ಲ, ವಯರಿಂಗ್ ಮಾಡುವವರನ್ನು ಕರೆಯಬೇಕು.

ಜುಲೈಯ ತೇವದಲ್ಲಿ ಡೆಸ್ಕ್‌ಟಾಪ್ ಬೀಪ್ ಬೀಪ್ ಎಂದು ಕೂಗಿ, ಪರದೆಯಲ್ಲಿ ಏನೂ ಬಾರದಿದ್ದರೆ ಹಲವು ಸಲ ಕಾರಣ ರ‍್ಯಾಮಿನ ಸಂಪರ್ಕ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಒರೆಸಿ, ಟಕ್ ಎಂದು ಎರಡೂ ಬದಿ ಕೂರುವ ಹಾಗೆ ಹಾಕಿ. "ಬೋರ್ಡ್ ಹೋಗಿದೆ" ಎಂಬ ತೀರ್ಪಿಗೆ ಮೊದಲು ಇಷ್ಟು ಮಾಡಿ ನೋಡಲೇಬೇಕು.

ಪ್ರಿಂಟ್ ಅಂಗಡಿಯಲ್ಲಿ ಕನ್ನಡ

ಮನೆಯಲ್ಲಿ ಚೆನ್ನಾಗಿ ಕಂಡ ಕನ್ನಡ ಅರ್ಜಿ ಅಂಗಡಿಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಮಲಯಾಳದ ಹಳೆಯ ಫಾಂಟುಗಳಲ್ಲೂ ಇದೇ ತಲೆನೋವು ಇರುವುದರಿಂದ ಅಂಗಡಿಯವರಿಗೆ ವಿಷಯ ಬೇಗ ತಿಳಿಯುತ್ತದೆ, ಆದರೆ ನುಡಿ ಫಾಂಟ್ ಅವರಲ್ಲಿ ಇರಬೇಕಲ್ಲ! ಎಲ್ಲ ಕಡೆ ಒಂದೇ ಸಂಕೇತ ಇರುವ ಯೂನಿಕೋಡಿನಲ್ಲಿ ಟೈಪ್ ಮಾಡಿ. ನುಡಿ, ಬರಹ ಎರಡರಲ್ಲೂ ಆ ಆಯ್ಕೆ ಉಂಟು, ವಿಂಡೋಸಿನಲ್ಲೇ ಕನ್ನಡ ಕೀಬೋರ್ಡ್ ಕೂಡ ಉಂಟು. ಅಂಗಡಿಗೆ ಒಯ್ಯುವುದು ಮಾತ್ರ ಪಿಡಿಎಫ್. ಅದರೊಳಗೆ ಫಾಂಟ್ ಕೂಡ ಸೇರಿಕೊಂಡಿರುತ್ತದೆ.

ದೂರದಿಂದ ಸಹಾಯ

ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗ ಮನೆಯ ಸಿಸ್ಟಮನ್ನು ಅಲ್ಲಿಂದಲೇ ನೋಡಬಹುದು. ವಿಂಡೋಸಿನಲ್ಲಿ ಕ್ವಿಕ್ ಅಸಿಸ್ಟ್ ಎಂಬುದಿದೆ. ಸಹಾಯ ಮಾಡುವವರು ಒಂದು ಕೋಡ್ ಹೇಳುತ್ತಾರೆ, ನೀವು ಅದನ್ನು ಟೈಪ್ ಮಾಡಿ ಒಪ್ಪಿಗೆ ಕೊಡಬೇಕು. ಅದಕ್ಕೆ ಮೊದಲು ಬ್ಯಾಂಕಿನ ಪುಟ ಮುಚ್ಚಿ. ಗುರುತಿನವರಿಗೆ ಮಾತ್ರ ಇದು. ಪರದೆ ತುಂಬಾ ಕೆಂಪು ಎಚ್ಚರಿಕೆ ಬಂದು "ಈ ನಂಬರಿಗೆ ಕರೆ ಮಾಡಿ" ಎಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ, ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ನಿಲ್ಲಿಸಿ. ಅಷ್ಟರಲ್ಲಿ ಯಾರಾದರೂ ಒಳಗೆ ಬಂದು ಹಣ ಹೋಗಿದ್ದರೆ ಮೊದಲು ಇಂಟರ್ನೆಟ್ ಕಡಿದು, ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಆಗುವುದು ಬೇಗ ತಿಳಿಸಿದರೆ ಮಾತ್ರ.