ತಕಿಟ ತಕಿಟ ತಕಧಿಮಿ: ‘ಗೆಟ್ಸ್/ಜಿಲ್ಬೆರ್ಟೊ’ದ ಒಳಗಟ್ಟು

ರಿ ನಿ ನಿ ದ, ರಿ ನಿ ನಿ ನಿ ದ. ‘ದ ಗರ್ಲ್ ಫ್ರಮ್ ಇಪನೆಮಾ’ ಶುರುವಾಗುವುದು ಇಷ್ಟರಿಂದ. ರಿ ಮಧ್ಯಸ್ಥಾಯಿಯದು, ನಿ ಮತ್ತು ದ ಮಂದ್ರದವು. ಈ ಎರಡು ತುಣುಕುಗಳಲ್ಲಿ ಷಡ್ಜವೂ ಇಲ್ಲ, ಪಂಚಮವೂ ಇಲ್ಲ. ಕಾಲೂರಲು ನೆಲ ಕೊಡದೆ ಹಾಡು ಹೊರಟುಬಿಡುತ್ತದೆ. ಹಾಗಿದ್ದೂ ಒಮ್ಮೆ ಕೇಳಿದವರ ಬಾಯಲ್ಲಿ ಅದು ಸಂಜೆಯವರೆಗೆ ಗುನುಗುತ್ತಿರುತ್ತದೆ.

1963ರ ಮಾರ್ಚ್ 18 ಮತ್ತು 19ರಂದು ನ್ಯೂಯಾರ್ಕಿನ ಎ ಆ್ಯಂಡ್ ಆರ್ ಸ್ಟುಡಿಯೊದಲ್ಲಿ ಮುದ್ರಣಗೊಂಡು, 1964ರಲ್ಲಿ ವರ್ವ್ ಕಂಪನಿಯಿಂದ ಹೊರಬಂದ, ಈ ಹಾಡು ಇರುವ ಆಲ್ಬಮ್ ‘ಗೆಟ್ಸ್/ಜಿಲ್ಬೆರ್ಟೊ’. ಶೈಲಿ ಬ್ರೆಜಿಲಿನ ಬೊಸಾ ನೋವಾ. ಎಂಟು ಹಾಡು, ಅರ್ಧ ಗಂಟೆಗಿಂತ ಸ್ವಲ್ಪವೇ ಹೆಚ್ಚು. ಟೆನರ್ ಸ್ಯಾಕ್ಸಫೋನಿನಲ್ಲಿ ಅಮೆರಿಕದ ಸ್ಟ್ಯಾನ್ ಗೆಟ್ಸ್. ಗಿಟಾರು ಮತ್ತು ಹಾಡಿಗೆ ಬ್ರೆಜಿಲಿನ ಜೊವಾವ್ ಜಿಲ್ಬೆರ್ಟೊ. ಪಿಯಾನೊದಲ್ಲಿ ಹೆಚ್ಚಿನ ಹಾಡುಗಳ ಸಂಯೋಜಕ ಆಂಟೊನಿಯೊ ಕಾರ್ಲೋಸ್ ಜೊಬಿಮ್. ಡ್ರಮ್ಸಿನಲ್ಲಿ ಮಿಲ್ಟನ್ ಬನಾನಾ. ಎರಡು ಹಾಡುಗಳಲ್ಲಿ ಆಸ್ಟ್ರುಡ್ ಜಿಲ್ಬೆರ್ಟೊ ದನಿಗೂಡಿಸಿದ್ದಾರೆ. ಹೊದಿಕೆಯ ಮೇಲೆ ಟಾಮಿ ವಿಲಿಯಮ್ಸ್ ಹೆಸರಿದ್ದರೂ ಬಾಸ್ ನುಡಿಸಿದವರು ಸೆಬಾಸ್ಟಿಯಾವೊ ನೆಟೊ. 1965ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಬಂತು, ಧ್ವನಿಮುದ್ರಣಕ್ಕಾಗಿ ಫಿಲ್ ರಮೋನ್ ಅವರಿಗೂ ಇನ್ನೊಂದು ಬಂತು.

ಇದನ್ನು ಹೋಟೆಲ್ ಲಾಬಿಯ ಸಂಗೀತ ಎಂದು ತಳ್ಳಿಹಾಕುವವರು ಒಮ್ಮೆ ಗಿಟಾರು ಹಿಡಿದು ಜೊತೆಗೆ ನುಡಿಸಿ ನೋಡಬೇಕು. ಮೊದಲ ಪೆಟ್ಟು ಶ್ರುತಿಯಲ್ಲೇ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ನೊಟೇಶನ್ ಪುಸ್ತಕಗಳಲ್ಲಿ ‘ಇಪನೆಮಾ’ ಹಾಡು ಸಾಮಾನ್ಯವಾಗಿ ಎಫ್ ಮೇಜರಿನಲ್ಲಿರುತ್ತದೆ, ಆಲ್ಬಮ್‌ನಲ್ಲಿ ಇರುವುದು ಡಿ ಫ್ಲ್ಯಾಟ್. ಪುಸ್ತಕ ನೋಡಿ ನುಡಿಸಿದರೆ ಎರಡೂ ಕಚ್ಚಾಡುತ್ತವೆ. ಮೇಲಿನಿಂದ ಎರಡನೆಯ, ಅಂದರೆ ಎ ತಂತಿಯ ಮೇಲೆ ಮೂಲಸ್ವರಗಳನ್ನು ಹೀಗೆ ಹುಡುಕಿ: 4ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಎರಡು ಬಾರ್ (ಒಂದು ಬಾರ್ ಎಂದರೆ ನಾಲ್ಕು ಪೆಟ್ಟಿನ ಅಳತೆ), 6ನೇ ಫ್ರೆಟ್ ಎರಡು ಬಾರ್, ಅಲ್ಲೇ ಮೈನರ್ ಆಗಿ ಒಂದು ಬಾರ್, 5ನೇ ಫ್ರೆಟ್ ಒಂದು ಬಾರ್, ಮತ್ತೆ 4ಕ್ಕೆ ಬಂದು ಎರಡು ಬಾರ್. ಒಟ್ಟು ಎಂಟು. ಮೊದಲ ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ, ಎ ತಂತಿಯಿಂದ ಕೆಳಮುಖವಾಗಿ ನಾಲ್ಕು ತಂತಿಗಳಲ್ಲಿ 4-3-3-4ನೇ ಫ್ರೆಟ್, ಎರಡನೆಯದಕ್ಕೆ 6-5-6-6, ಅದರ ಮೈನರಿಗೆ 6-4-6-6, ಆಮೇಲಿನದಕ್ಕೆ 5-4-5-5 ಹಿಡಿಯಿರಿ. ಆಚೀಚೆಯ ಎರಡೂ ಇ ತಂತಿ ಮುಟ್ಟಬೇಡಿ.

ಈಗ ರಾಗದ ಕಡೆ ಕಿವಿ ಕೊಡಿ. ಗಿಟಾರು 6ನೇ ಫ್ರೆಟ್ಟಿಗೆ ಏರಿದರೂ ಹಾಡು ಹಿಂದಿನ ಸ್ವರಗಳನ್ನು ಬಿಡುವುದಿಲ್ಲ. ಬದಲಾದದ್ದು ಅಡಿಯ ನೆಲ. ಇಷ್ಟು ಹೊತ್ತು ರಿಷಭವಾಗಿದ್ದದ್ದು ಈಗ ಆ ಕಾರ್ಡಿನ ಆಧಾರಸ್ವರ. ಗ್ರಹಭೇದ, ಅಂದರೆ ಅವೇ ಸ್ವರಗಳಲ್ಲಿ ಷಡ್ಜದ ಜಾಗ ಬದಲಿಸುವ ಆಟ, ಕೇಳಿ ಪಳಗಿದ ಕಿವಿಗೆ ಈ ಆಟ ತಕ್ಷಣ ಹಿಡಿಯುತ್ತದೆ, ಶ್ರುತಿಪೆಟ್ಟಿಗೆ ಜಾಗ ಬದಲಿಸುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ನಡುಭಾಗ ಮಾತ್ರ ಎಂಟಲ್ಲ, 16 ಬಾರ್. 32 ಬಾರಿನ ಜಾಜ್ ಹಾಡುಗಳ ರೂಢಿಯಲ್ಲಿರುವವರು ಎಂಟಕ್ಕೇ ಪಲ್ಲವಿಗೆ ಮರಳಿ ಒಬ್ಬರೇ ನಿಂತುಬಿಡುವುದು ಇಲ್ಲೇ.

ನಿಜವಾದ ಕಗ್ಗಂಟು ಬಲಗೈಯದು. ಎರಡು ಬಾರನ್ನು 16 ಸಮ ಮಾತ್ರೆಗಳಾಗಿ ಎಣಿಸಿ. ಹೆಬ್ಬೆರಳು 1, 5, 9, 13ರ ಮೇಲೆ ಬಾಸ್ ಮೀಟುತ್ತದೆ. ಇದು ಬ್ರೆಜಿಲಿನ ಸಾಂಬಾ ಸಂಗೀತದ ದೊಡ್ಡ ಚರ್ಮವಾದ್ಯ ಸುರ್ಡೊ ಮಾಡುವ ಕೆಲಸ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರೂ ಒಟ್ಟಿಗೆ 1, 4, 7, 11, 14ರಲ್ಲಿ ಕಾರ್ಡನ್ನು ಎಳೆಯುತ್ತವೆ. ಬಾಯಲ್ಲಿ ಹೇಳಿಕೊಳ್ಳಲು ನಮ್ಮಲ್ಲೇ ಸಿದ್ಧ ಸೊಲ್ಲುಗಳಿವೆ: ತಕಿಟ ತಕಿಟ ತಕಧಿಮಿ ತಕಿಟ ತಕಿಟ. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಬೆರಳು, ನಾಲ್ಕು ಮಾತ್ರೆಗೊಮ್ಮೆ ಹೆಬ್ಬೆರಳು. ಇಬ್ಬರೂ ಕೂಡುವುದು 1ರಲ್ಲಿ ಮಾತ್ರ. ಮಾತ್ರೆಗಳೆರಡಕ್ಕೆ ಒಂದು ಪೆಟ್ಟಿನಂತೆ ಮೆಟ್ರೊನೋಮ್ 80ಕ್ಕೆ ಇಟ್ಟು ಶುರುಮಾಡಿ. ಆಲ್ಬಮ್ಮಿನ ಓಟ 130ರ ಆಸುಪಾಸಿನದು, ಅದಕ್ಕೆ ಅವಸರ ಬೇಡ.

ಕೆಡುವುದು ಹೆಚ್ಚಾಗಿ ಮೂರು ಕಡೆ. ಪಿಕ್ ಹಿಡಿದು ಸ್ಟ್ರಮ್ ಮಾಡಿದರೆ ತಂತಿಗಳು ಒಂದರ ಹಿಂದೊಂದು ಮೊಳಗಿ, ತಾಳವಾದ್ಯದ ಚುರುಕು ಹೋಗುತ್ತದೆ. ನೈಲಾನ್ ತಂತಿ, ಬರಿ ಬೆರಳು ಬೇಕೇ ಬೇಕು. ಎರಡನೆಯದು, ಕಾರ್ಡನ್ನು ಮೊಳಗಲು ಬಿಡುವುದು. ಎಡಗೈ ಫ್ರೆಟ್ ಬಿಡದೆ, ಒತ್ತಡವನ್ನಷ್ಟೇ ಸಡಿಲಿಸಿ ದನಿ ನಿಲ್ಲಿಸಬೇಕು; ಆ ಚಿಕ್ಕ ಮೌನಗಳೇ ಲಯ. ಮೂರನೆಯದು, ಜಾಜ್ ಎಂದೊಡನೆ ಮಾತ್ರೆಗಳನ್ನು ಉದ್ದ-ಗಿಡ್ಡ ಮಾಡಿ ಸ್ವಿಂಗ್ ತರುವುದು. ಬೊಸಾ ನೋವಾದ ಮಾತ್ರೆ ಸಮ. ಹಾಗೆಂದು ಮೇಲಿನ ಲೆಕ್ಕವನ್ನು ಜಿಲ್ಬೆರ್ಟೊ ಗಡಿಯಾರದಂತೆ ತಿರುಗಿಸುವುದೂ ಇಲ್ಲ. ಮುಂದಿನ ಬಾರಿನ ಕಾರ್ಡನ್ನು ಎಷ್ಟೋ ಸಲ ಒಂದು ಮಾತ್ರೆ ಮೊದಲೇ ತಂದಿಡುತ್ತಾರೆ. ಅಲ್ಲಾಡದಿರುವುದು ಹೆಬ್ಬೆರಳು.

ಹೆಬ್ಬೆರಳು ಗಟ್ಟಿಯಾಗಿರುವುದರಿಂದಲೇ ಗಂಟಲಿಗೆ ಸ್ವಾತಂತ್ರ್ಯ. ಜಿಲ್ಬೆರ್ಟೊ ಒಂದು ಸಾಲನ್ನು ತಾಳಕ್ಕೆ ಮೊದಲೇ ಎತ್ತಿ, ಮುಂದಿನದನ್ನು ತಡಮಾಡಿ, ಕೊನೆಗೆ ಏನೂ ಆಗದವರಂತೆ ಜಾಗಕ್ಕೆ ಸೇರಿಕೊಳ್ಳುತ್ತಾರೆ. ತಾಳದ ಪೆಟ್ಟಿಗೆ ಮೊದಲು ಇಲ್ಲವೇ ಆಮೇಲೆ ಹಾಡು ಎತ್ತುವ ಅತೀತ-ಅನಾಗತ ಎತ್ತುಗಡೆ ಬಲ್ಲವರಿಗೆ ಈ ಸುಖ ಹೊಸದಲ್ಲ. ಆದರೆ ಇಲ್ಲಿ ತಾಳ ಹಾಕುವವರೂ ಹಾಡುವವರೂ ಒಬ್ಬರೇ. ದನಿಯಲ್ಲಿ ಕಂಪನವಿಲ್ಲ, ಏರಿಳಿತದ ಪ್ರದರ್ಶನವಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದಷ್ಟೇ ದನಿ, ಮೈಕು ಅದನ್ನು ಉಸಿರಿನ ಸಮೇತ ಹಿಡಿದಿದೆ. ಇದೇ ಆಲ್ಬಮ್ಮಿನ ಇನ್ನೊಂದು ಹಾಡು ‘ಡೆಸಫಿನಾಡೊ’, ಹಾಗೆಂದರೆ ಅಪಸ್ವರ ಎಂದರ್ಥ. ಅಪಸ್ವರದ ಮಾತು ಬರುವ ಆ ಮೊದಲ ಸಾಲು ಬೇಕೆಂದೇ ಅರ್ಧ ಸ್ವರ ಇಳಿಸಿದ ಪಂಚಮವಿರುವ ಕಾರ್ಡಿನ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲಿ ಕಂಪನ ಸೇರಿಸಿ ಹಾಡಿದರೆ ಸ್ವರ ತಪ್ಪಿತೋ ತಪ್ಪಿಸಿದರೋ ತಿಳಿಯದೆ ತಮಾಷೆಯೇ ಕೆಡುತ್ತದೆ. ನೇರ ಸ್ವರ ಇಟ್ಟವರಿಗೆ ಮಾತ್ರ ಈ ಹಾಸ್ಯ ದಕ್ಕುತ್ತದೆ.

ಗೆಟ್ಸ್ ಸ್ಯಾಕ್ಸ್ ಉಳಿದೆಲ್ಲರಿಗಿಂತ ಒಂದು ಗೆರೆ ಜೋರಾಗಿದೆ, ಇದು ಆಲ್ಬಮ್ಮಿನ ದೋಷವೇ. ಆದರೂ ಸ್ಯಾಕ್ಸಿನ ಬಾಯಿತುದಿಯ ತೆಳುಪಟ್ಟಿಯಾದ ರೀಡಿನಿಂದ ದನಿಗಿಂತ ಮೊದಲು ಗಾಳಿ ಕೇಳಿಸುವ ಅವರ ನುಡಿಸಾಣಿಕೆ ಜಿಲ್ಬೆರ್ಟೊ ಉಸಿರಿಗೆ ಜೋಡಿಯಾಗುತ್ತದೆ. ಜೊಬಿಮ್ ಪಿಯಾನೊವನ್ನು ಗಮನಿಸಿ: ಹಲವೆಡೆ ಬೆರಳೆಣಿಕೆಯ ಸ್ವರಗಳು, ಉಳಿದಂತೆ ಕೈ ಕಟ್ಟಿ ಕೂತ ಹಾಗೆ. ತನ್ನದೇ ಹಾಡು ಎಂಬ ಹಕ್ಕು ಚಲಾಯಿಸದ ಸಂಯೋಜಕರು ಅಪರೂಪ.

ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಇದರಲ್ಲಿ ಅರ್ಧ ಸಿಗುವುದಿಲ್ಲ. ಎ ತಂತಿಯ 4ನೇ ಫ್ರೆಟ್ ಸುಮಾರು 139 ಹರ್ಟ್ಸ್, ಬಾಸ್ ಇನ್ನೂ ಕೆಳಗೆ. ಅಷ್ಟು ತಗ್ಗಿನ ದನಿಯನ್ನು ಪುಟ್ಟ ಸ್ಪೀಕರು ಎತ್ತಲಾರದು. ಹೆಬ್ಬೆರಳು ಮಾಯವಾದರೆ ಮಿಕ್ಕಿದ್ದು ನಿಜಕ್ಕೂ ಲಾಬಿ ಸಂಗೀತವೇ. ಕಿವಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು, ವಾಲ್ಯೂಮ್ ಎದುರು ಕೂತವರು ಮಾತಾಡುವ ಮಟ್ಟಕ್ಕಿರಲಿ.

ಇನ್ನೊಂದು ಎಚ್ಚರ: ‘ಇಪನೆಮಾ’ ಹಾಡು ಎರಡು ಅಳತೆಯಲ್ಲಿ ಸಿಗುತ್ತದೆ. ಆಲ್ಬಮ್ಮಿನದು ಐದು ನಿಮಿಷ ದಾಟುತ್ತದೆ. ರೇಡಿಯೊಗಾಗಿ ಕತ್ತರಿಸಿದ ಸಿಂಗಲ್ ಮೂರು ನಿಮಿಷದೊಳಗೆ ಮುಗಿಯುತ್ತದೆ. ಕತ್ತರಿ ಬಿದ್ದದ್ದು ಜಿಲ್ಬೆರ್ಟೊ ಹಾಡಿದ ಪೋರ್ಚುಗೀಸ್ ಭಾಗಕ್ಕೇ. ಆಸ್ಟ್ರುಡ್ ಇಂಗ್ಲಿಷಿನಿಂದಲೇ ಹಾಡು ಶುರುವಾದರೆ ನಿಮ್ಮ ಕೈಯಲ್ಲಿರುವುದು ಆ ಗಿಡ್ಡ ಪ್ರತಿ.